ಹತ್ತೂಸದ ಗೋಡೆಗೆ ಮಣ್ಣು ಮೆತ್ತಿದವರು

ತೊಂಬತ್ತರ ದಶಕದಲ್ಲಿ ನಾನು ಸಿಂಗಪುರದಲ್ಲಿ ಫ್ಲಾಟುಗಳ ನಕ್ಷೆ ಬರೆಯುತ್ತಿದ್ದೆ. ಒಮ್ಮೆ ಟರ್ಕಿಗೆ ಹೋಗಿ ಹಿಟ್ಟೈಟರ ಪುರಾತನ ರಾಜಧಾನಿ ಹತ್ತೂಸ ನೋಡಿಬಂದೆ. ಬಂದವನೇ ನಗರಯೋಜನೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಅಂದುಕೊಂಡು, ಸೆರಂಗೂನ್ ಬಡಾವಣೆಯ ಗೆಳೆಯನ ಮನೆಯಲ್ಲಿ ಸೇರಿದ್ದ ಕನ್ನಡದವರಿಗೆ ಒಂದು ಗಂಟೆ ಭಾಷಣ ಬಿಗಿದೆ. ಬೆಟ್ಟ ಬಳಸಿದ ಮೈಲುಗಟ್ಟಲೆ ಕೋಟೆ, ಕಲ್ಲಿನ ಬುನಾದಿ, ಅದರ ಮೇಲೆ ಹಸಿ ಇಟ್ಟಿಗೆಯ ಗೋಡೆ, ಸಿಂಹದ ಬಾಗಿಲು, ಎಲ್ಲ ಹೇಳಿದೆ.

ಮಗಳ ಬಾಣಂತನಕ್ಕೆ ಹಾಸನದಿಂದ ಬಂದಿದ್ದ ಗೆಳೆಯನ ಅತ್ತೆ ಕೇಳಿದರು: "ಸುಡದ ಇಟ್ಟಿಗೆ ಮಳೆಗೆ ಕರಗಲ್ವೇನಪ್ಪ?"

"ಮೇಲೆ ಮಣ್ಣು ಮೆತ್ತುತ್ತಿದ್ದರಮ್ಮ."

"ಹಾಗಾದ್ರೆ ವರ್ಷಾವರ್ಷ ಮೆತ್ತಬೇಕು. ಅಷ್ಟುದ್ದದ ಗೋಡೆಗೆ ಎಷ್ಟು ಜನ ಬೇಕು? ಬೆಟ್ಟದ ಮೇಲಕ್ಕೆ ನೀರು ಯಾರು ಹೊರ್ತಿದ್ರು?"

"ಸಂಶೋಧನೆ ನಡೀತಾ ಇದೆ" ಅಂದೆ.

ಅವರು ಕನಿಕರದಿಂದ ನನ್ನನ್ನು ನೋಡಿ, ತಮ್ಮ ಮನೆಯ ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿ ಮಣ್ಣು ಕೊಳೆಸುತ್ತಿದ್ದ ಬಗೆ ಹೇಳತೊಡಗಿದರು. ನನ್ನ ಭಾಷಣಕ್ಕೆ ಆಕಳಿಸಿದವರೆಲ್ಲ ಕುರ್ಚಿ ಎಳೆದುಕೊಂಡು ಅವರ ಸುತ್ತ ಕೂತರು. ನಾನೂ ಕೂತು ಬರೆದುಕೊಂಡೆ.

ಮರುವಾರ ಊರಿನ ಇನ್ನೊಂದು ಬಡಾವಣೆ ಪಾಸಿರ್ ರಿಸ್‌ನಿಂದ ಅಂದು ಬಂದಿದ್ದ ಒಬ್ಬರು ಫೋನ್ ಮಾಡಿ, ನಮ್ಮ ಮನೆಯಲ್ಲೂ ಹತ್ತೂಸದ ಬಗ್ಗೆ ಭಾಷಣ ಇಟ್ಟುಕೊಂಡಿದ್ದೇವೆ ಎಂದರು. ನಾನು ಹಿಗ್ಗಿ ಒಪ್ಪಿಕೊಂಡೆ.

"ಥ್ಯಾಂಕ್ಸ್" ಅಂದರು. "ಆ ಅಮ್ಮನಿಗೆ ದಾರಿ ಗೊತ್ತಾಗಲ್ಲ, ನೀವೇ ಕರ್ಕೊಂಡು ಬಂದ್ಬಿಡಿ."