ಹುಣಸೆಮರದ ಕೆಳಗೆ ನೀನು ನಿಂತಿರಲಿಲ್ಲ

ಶೈಲಾ, ನಿನಗೆ ಗಾಳಿ ಸೋಕಿದೆ ಎಂದು ನಿನ್ನವ್ವನ ತಲೆಗೆ ತುಂಬಿದವಳು ನಾನೇ. ಸುಡುಮಧ್ಯಾಹ್ನ ಹಳ್ಳದ ಹುಣಸೆಮರದ ಕೆಳಗೆ ನೀನು ಒಬ್ಬಳೇ ಮಾತಾಡುತ್ತ ನಿಂತಿದ್ದನ್ನು ನಾನು ಕಂಡಿರಲಿಲ್ಲ. ನೀನು ಅಲ್ಲಿಗೆ ಹೋಗಿಯೇ ಇರಲಿಲ್ಲ.

ಆಗ ನಾವು ಪಿಯುಸಿ ಎರಡನೇ ವರ್ಷ; ಕನಕಗಿರಿಯಿಂದ ಗಂಗಾವತಿಗೆ ದಿನಾ ಒಂದೇ ಬಸ್ಸು, ಒಂದೇ ಸೀಟು. ನಮ್ಮದು ಗೆಳೆತನ ಎನ್ನುತ್ತಿದ್ದೆವು — ಅಲ್ಲ, ಪ್ರೀತಿ ಎಂದು ಮೊದಲು ಹೇಳಿದವಳು ನೀನು, ಮೊದಲು ಮುತ್ತಿಟ್ಟವಳು ನಾನು. ಆಮೇಲೆ ಹೆದರಿ ಸೀಟು ಬದಲಿಸಿದವಳೂ ನಾನೇ. ನೀನು ಊಟ ಬಿಟ್ಟೆ, ನಿದ್ದೆ ಬಿಟ್ಟೆ, ಸ್ನಾನಕ್ಕೂ ಏಳದಾದೆ. ಅದಕ್ಕೆ ನಾನು ಕಾರಣವೋ, ಕಾಯಿಲೆ ಮೊದಲೇ ಒಳಗಿತ್ತೋ — ಗೊತ್ತಿಲ್ಲ. ನಿನ್ನಪ್ಪ ಕೊಪ್ಪಳದ ಮನೋವೈದ್ಯರ ಹತ್ತಿರ ಕರೆದೊಯ್ದರು. ಗುಳಿಗೆ ನಾಟಿದವು. ನೀನು ಮತ್ತೆ ಜಡೆ ಹಾಕಿಕೊಳ್ಳತೊಡಗಿದೆ.

ನನಗೆ ಖುಷಿಯಾಗಬೇಕಿತ್ತು. ಅನುಮಾನ ಹುಟ್ಟಿತು. ಆ ಡಾಕ್ಟರು ಬಾಗಿಲು ಮುಚ್ಚಿಕೊಂಡು ಅಷ್ಟು ಹೊತ್ತು ಏನು ಕೇಳುತ್ತಾರೆ? ಇವಳು ಏನು ಬಾಯಿಬಿಡುತ್ತಾಳೆ? ನಿನ್ನ ತಂಗಿ ನನ್ನ ನೋಡಿ ನಕ್ಕರೆ — ಗೊತ್ತಾಗಿರಬೇಕು. ನಿನ್ನಪ್ಪ ನಮ್ಮ ಅಬ್ಬಾನ ಬಳೆ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರೆ — ಮುಗಿಯಿತು. ಅವರು ನಿನಗೆ ಬಳೆ ಕೊಳ್ಳಲು ಬಂದಿದ್ದರು, ಅಷ್ಟೇ.

ಅದೇ ವಾರ ನಿನ್ನವ್ವ ಕೇಳಿದರು: “ಯವ್ವಾ ರೇಷ್ಮಾ, ಇನ್ನೂ ಏನೋ ಮನಸಿನ್ಯಾಗ ಇಟ್ಕೊಂಡಾಳ ಅಂತಾರ ಡಾಕ್ಟರು. ನಿನಗೇನರ ಗೊತ್ತೈತೇನು?”

“ಇದು ಗುಳಿಗಿಗೆ ಹೋಗೂ ಜಡ್ಡಲ್ಲ ಬಿಡ್ರಿ ಅವ್ವಾರ. ಹುಣಸಿಮರದ ಕೆಳಗ ನಿಂತಿದ್ಲು. ನಾ ಕಣ್ಣಾರ ನೋಡೇನ್ರಿ.”

ಗುಳಿಗೆ ನಿಂತವು. ಹನುಮಸಾಗರದ ಕಡೆ ಗಾಳಿ ಬಿಡಿಸುವ ಒಬ್ಬ ಅಜ್ಜನ ಮುಂದೆ ನಿನ್ನನ್ನು ಕೂರಿಸಿದರು. ನಾನೂ ಜೊತೆಗೆ ಬಂದೆ. ನಿನಗೆ ಆಸರೆಯಾಗಿ ಅಲ್ಲ — ಅಲ್ಲಿ ಮೈಮೇಲೆ ಬಂದವರ ಹೆಸರು ಕೇಳುತ್ತಾರಲ್ಲ, ನಿನ್ನ ಬಾಯಲ್ಲಿ ಏನು ಬರುತ್ತದೋ ಎಂದು ಕಾಯಲು.

“ಯಾರು ನೀ? ಹೆಸರು ಹೇಳು!” ಎಂದು ಅಜ್ಜ ಬೇವಿನ ಬರಲಿನಿಂದ ಹೊಡೆದ. ಅಷ್ಟು ಜನರ ನಡುವೆ ನೀನು ನನ್ನನ್ನೇ ನೋಡಿದೆ. ಅಯ್ಯೋ, ಹೇಳಿಯೇಬಿಡುತ್ತಾಳೆ — ನಾನು ನೆಲ ನೋಡಿದೆ. ಮತ್ತೆ ಕೇಳಿದ, ಮತ್ತೆ ಬಾರಿಸಿದ. ಕೊನೆಗೆ ನೀನು ತೀರಿಹೋದ ನಿನ್ನ ಅಜ್ಜಿಯ ಹೆಸರು ಹೇಳಿದೆ, ನಿನ್ನನ್ನು ಎತ್ತಿ ಆಡಿಸಿದ ಅಜ್ಜಿಯ ಹೆಸರು. ನನ್ನ ಎದೆ ಹಗುರಾಯಿತು. ಹಗುರಾಯಿತಲ್ಲ — ಛೀ, ನನ್ನ ಜನ್ಮಕ್ಕಿಷ್ಟು.

ನಾನು ಓದಿ ಕುಷ್ಟಗಿಯಲ್ಲಿ ಟೀಚರಾದೆ. ನಿನ್ನ ಓದು ಅಲ್ಲಿಗೇ ನಿಂತಿತು. ಮೊನ್ನೆ ನಿಮ್ಮ ಮನೆಗೆ ಬಂದಾಗ ನೀನು ಚಹಾ ಕೊಟ್ಟು, ಜಡೆ ಹಾಕದ ಕೂದಲಲ್ಲೇ ಮೂಲೆಗೆ ಹೋಗಿ ಕೂತೆ. ಗೋಡೆಯ ಮೇಲೆ ಅಜ್ಜಿಯ ಫೋಟೋ ಇರಲಿಲ್ಲ. “ಮುದುಕಿ ಇನ್ನೂ ಬಿಟ್ಟಿಲ್ಲ ನೋಡವ್ವಾ ಇಕಿನ್ನ,” ಎಂದರು ನಿನ್ನವ್ವ.

ಈ ಭಾನುವಾರ ಬರುತ್ತೇನೆ. ಮರದ ಮಾತು ಸುಳ್ಳು, ಅಜ್ಜಿಯ ಫೋಟೋ ಮತ್ತೆ ಗೋಡೆಗೆ ಹಾಕಿರಿ, ಇವಳನ್ನು ಕೊಪ್ಪಳಕ್ಕೆ ಕರೆದೊಯ್ಯೋಣ ಎನ್ನುತ್ತೇನೆ. ಯಾಕೆ ಸುಳ್ಳು ಹೇಳಿದೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ನಿನ್ನ ಮುಖ ನೋಡುತ್ತೇನೆ. ನೀನು ಹೂಂ ಎಂದರೆ ನಮ್ಮಿಬ್ಬರ ಮಾತು ಹೇಳುತ್ತೇನೆ. ಇಲ್ಲವಾದರೆ ಬೈಸಿಕೊಂಡು ಬರುತ್ತೇನೆ.

ಅಂದು ನೀನು ನನ್ನ ಮುಖ ನೋಡಿದ್ದೂ ಅದಕ್ಕೇ ಇರಬೇಕು, ಶೈಲಾ — ಹೇಳಲೇ ಎಂದು ಕೇಳಲು.