ಚಿತ್ರಕಥೆಯ ಮೊಲದ ಊರು

ಮಮದಾಪುರದ ಶಾಲೆಯ ಉದ್ದವ್ವ ಅಕ್ಕೋರು ಮಕ್ಕಳ ಮಾಸಪತ್ರಿಕೆಯಲ್ಲಿ ಬರುತ್ತಿದ್ದ ಮೊಲದ ಚಿತ್ರಕಥೆಯನ್ನು ದನಿ ಬದಲಿಸಿ ಓದಿ ಹೇಳುತ್ತಿದ್ದರು. ಮೊಲದ ಊರು ಯಾವುದೆಂದು ಕತೆಯಲ್ಲಿ ಎಲ್ಲೂ ಇರಲಿಲ್ಲ. ಒಂದು ತಿಂಗಳು ಚಿತ್ರದಲ್ಲಿ ಜಲಪಾತವೂ ಅದರ ಮೇಲೆ ತೂಗುಸೇತುವೆಯೂ ಕಂಡವು.

“ಅಕ್ಕೋರ, ಇದು ನಮ್ಮ ಗೋಕಾಕ ಫಾಲ್ಸ್ ಐತ್ರಿ,” ಎಂದಳು ರಾಯವ್ವ ಎಂಬ ಹುಡುಗಿ.

“ನೋಡೇ ಬರೂಣು ನಡೀರಿ,” ಎಂದು ಉದ್ದವ್ವನವರು ರವಿವಾರ ಮಕ್ಕಳನ್ನೆಲ್ಲ ಬಸ್ಸು ಹತ್ತಿಸಿದರು.

ಬಂಡೆಯ ಮೇಲೆ ನಿಂತು ಪತ್ರಿಕೆ ತೆರೆದು ಹೋಲಿಸಿದರು. ನೀರು, ಸೇತುವೆ ಎರಡೂ ಹಾಗೇ ಇದ್ದವು. ಆದರೆ ಚಿತ್ರದ ದಂಡೆಯಲ್ಲಿದ್ದ ತೆಂಗಿನ ಮರಗಳು ಇಲ್ಲಿರಲಿಲ್ಲ. ಮಕ್ಕಳ ಮುಖ ಸಪ್ಪಗಾಯಿತು.

ಉದ್ದವ್ವನವರು ನಕ್ಕರು. “ಚಿತ್ರ ತಗದಾಂವ ತೆಂಗಿನ ಸೀಮ್ಯಾಂವ ಇರಬೇಕು. ಇಲ್ಲಿಗಿ ಬಂದಾಗ ಮನಿ ನೆನಪಾಗಿ ನಾಕ ತೆಂಗ ಹಚ್ಚ್ಯಾನ.”

ಮಕ್ಕಳಿಗೆ ಅಷ್ಟು ಸಾಕಾಯಿತು. ತುಂತುರಿನಲ್ಲಿ ತೋಯುತ್ತ ಎಲ್ಲರೂ ಬಂಡೆಯ ಸಂದಿಗಳಲ್ಲಿ ಮೊಲವನ್ನು ಹುಡುಕತೊಡಗಿದರು. ಎಲ್ಲರಿಗಿಂತ ಮೊದಲು ಸೆರಗು ಬಿಗಿದು ಬಗ್ಗಿದವರು ಉದ್ದವ್ವನವರೇ.