ಕಾಶಕ್ಕನ ಚಂಚಿ

ನಮ್ಮ ಕಡೆ ವಯಸ್ಸಾದ ಹೆಂಗಸರು ಸೊಂಟಕ್ಕೆ ಚಂಚಿ ಸಿಕ್ಕಿಸಿಕೊಂಡರೆಂದರೆ ಅದರೊಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದಿಷ್ಟು ತಂಬಾಕು ಇರುತ್ತದೆ. ಕಾಶಕ್ಕನ ಚಂಚಿಯಲ್ಲಿ ಎರಡು ಪಂಪುಗಳಿದ್ದವು. ದಮ್ಮಿನವರು ಬಾಯಲ್ಲಿಟ್ಟು ಎಳೆದುಕೊಳ್ಳುತ್ತಾರಲ್ಲ, ಆ ಪಂಪು. ಒಂದು ನೀಲಿ, ಒಂದು ಕಾಫಿ ಬಣ್ಣದ್ದು. ಚಂಚಿ ನಮ್ಮ ಅತ್ತೆಯದಾಗಿತ್ತು. ಅತ್ತೆ ತೀರಿಕೊಂಡ ಮೇಲೆ ಕಾಶಕ್ಕ ಅದನ್ನು ಮೂರು ಸಲ ಒಗೆದು, ತಂಬಾಕಿನ ವಾಸನೆ ಹೋಗುವವರೆಗೆ ಬಿಸಿಲಿಗೆ ಹಾಕಿ, ತನ್ನದು ಮಾಡಿಕೊಂಡಳು. ಮದುವೆ ಮನೆಯಲ್ಲಿ ಅಕ್ಷತೆ ಬೀಳುವ ಹೊತ್ತಾಗಲಿ, ಹುಕ್ಕೇರಿ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ನಡೆದಿರಲಿ, ಎದೆ ಹಿಡಿಯಿತೆಂದರೆ ಚಂಚಿಯ ದಾರ ಬಿಚ್ಚಿ, ನೀಲಿ ಪಂಪು ತೆಗೆದು ಎಲ್ಲರೆದುರೇ ಎಳೆದುಕೊಳ್ಳುತ್ತಿದ್ದಳು. ಯಾರಾದರೂ ನೋಡಿದರೆ, ಚಷ್ಮಾ ಹಾಕಿಕೊಂಡವರನ್ನು ಹೀಗೆ ನೋಡುತ್ತೀರೇನು ಎಂದು ಕೇಳುತ್ತಿದ್ದಳು.

ಅವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಹುಕ್ಕೇರಿಯಲ್ಲಿ ಒಂದೇ ಮನೆಯಲ್ಲಿ ಹದಿನೆಂಟು ವರ್ಷ ಬಾಳಿದೆವು. ನಾನು ಎಂ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕಲಿಸುವವಳು; ಅವಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಎದುರಿಗೆ ‘ಅಕ್ಕಾರ, ಬರ್ರಿ, ಕೂಡ್ರಿ’ ಎಂದು ಮರ್ಯಾದೆಯಿಂದ ಮಾತಾಡುತ್ತಿದ್ದೆ. ಮನಸ್ಸಿನೊಳಗೆ ಯಾವತ್ತೂ ಏಕವಚನವೇ. ಈಗ ಬರೆಯುವಾಗಲೂ ಅದೇ ಬರುತ್ತಿದೆ, ಬರಲಿ.

ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಅವಳ ಕೈರುಚಿಗಲ್ಲ, ಬಂಗಾರಕ್ಕಲ್ಲ. ನನ್ನ ಮಗ ಸಂಗಮೇಶನಿಗಾಗಿ. ಅವನಿಗೆ ಮೂರು ತುಂಬುವ ಮೊದಲೇ ದಮ್ಮು ಶುರುವಾಯಿತು. ಗೋಕಾಕದ ಮಕ್ಕಳ ಡಾಕ್ಟರು ಹೆಸರಿಟ್ಟು ಹೇಳಿದ ದಿನ ನಾನು ಮನೆಗೆ ಬಂದು ಕಾಶಕ್ಕನ ಮುಖ ನೋಡಲಿಲ್ಲ. ಅವಳ ರೋಗ ನನ್ನ ಮಗನಿಗೆ ಹತ್ತಿತು ಎಂದುಕೊಂಡೆ. ದಮ್ಮು ಅಂಟುರೋಗವಲ್ಲ ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನೇ.

ಕಾಶಕ್ಕನಿಗೆ ಅಂದಿನಿಂದ ಒಂದು ನೌಕರಿ ಸಿಕ್ಕಂತಾಯಿತು. ಅವಳ ಇಬ್ಬರು ಹೆಣ್ಣುಮಕ್ಕಳು ಆಗಲೇ ಮದುವೆಯಾಗಿ ಹೋಗಿದ್ದರು. ನಾನು ಬೆಳಿಗ್ಗೆ ಶಾಲೆಗೆ ಓಡುವವಳು. ಹಾಗಾಗಿ ಮುಂಜಾನೆ ಒಂದು, ಸಂಜೆ ಒಂದು, ಕಾಫಿ ಬಣ್ಣದ ಪಂಪಿನ ಪಾಳಿ ಅವಳದಾಯಿತು. ಉದ್ದ ಪ್ಲಾಸ್ಟಿಕ್ ನಳಿಗೆಯ ಒಂದು ತುದಿಗೆ ಪಂಪು, ಇನ್ನೊಂದು ತುದಿಗೆ ಸಂಗುವಿನ ಬಾಯಿ. ಆಮೇಲೆ ಬಾಯಿ ಮುಕ್ಕಳಿಸಲೇಬೇಕು. ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣದಲ್ಲಿ ಯಾವಾಗ ಏನು ಮಾಡಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದ ಕಾಗದವನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಳು. ದೇವರ ಮುಂದೆ ಊದಿನಕಡ್ಡಿ ನಿಂತುಹೋಯಿತು. ಲಿಂಗಯ್ಯನಿಗೆ ವಿಭೂತಿ, ಪತ್ರಿ ಸಾಕು, ಹೊಗೆ ಅವನಿಗೂ ಬೇಡ ಎಂದು ತೀರ್ಪು ಕೊಟ್ಟಳು. ಮನೆಯ ಗಂಡಸರು ತಲೆಯಾಡಿಸಿದರು.

ಪಂಪಿನ ಬಗ್ಗೆ ಅವಳಿಗೆ ಒಂದು ಮಾತಿತ್ತು. ಕೇಳಿದವರಿಗೆ, ಕೇಳದವರಿಗೆ ಹೇಳುತ್ತಿದ್ದಳು. “ನೀಲಿದು ಹತ್ತಿದ ಬೆಂಕಿ ಆರಸ್ತೈತಿ. ಕಾಫಿ ಬಣ್ಣದ್ದು ಬೆಂಕಿ ಹತ್ತದಂಗ ಕಾಯತೈತಿ. ನೀವೆಲ್ಲಾ ನೀಲಿದನ್ನ ಒತ್ತಕೋತ ಕೂಡ್ರತೀರಿ.” ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಗುರುತಿಲ್ಲದ ಮುದುಕ ಮರೆಗೆ ಹೋಗಿ ಕದ್ದು ಪಂಪು ಎಳೆದುಕೊಳ್ಳುತ್ತಿದ್ದರೆ ಅವನ ಮುಂದೆ ಹೋಗಿ ನಿಂತು, ತನ್ನೆದುರು ಇನ್ನೊಮ್ಮೆ ಎಳೆದು ತೋರಿಸಲು ಹೇಳುತ್ತಿದ್ದಳು. ಹತ್ತು ಮಂದಿಯಲ್ಲಿ ಎಂಟು ಮಂದಿ ಔಷಧವನ್ನು ನಾಲಿಗೆಗೆ ಹೊಡೆದುಕೊಳ್ಳುತ್ತಾರೆ, ಎದೆಗೆ ಮುಟ್ಟಿಸುವುದಿಲ್ಲ ಎಂಬುದು ಅವಳ ಲೆಕ್ಕ. ಮೊದಲು ಉಸಿರು ಪೂರ್ತಿ ಹೊರಗೆ, ಆಮೇಲೆ ಒತ್ತಿ ಸಾವಕಾಶ ಒಳಗೆ, ಹತ್ತು ಎಣಿಸುವವರೆಗೆ ಒಳಗೇ. ಬಸ್ಸು ತಪ್ಪಿದರೂ ಕಲಿಸಿಯೇ ಬಿಡುತ್ತಿದ್ದಳು.

ನನ್ನನ್ನು ಹೆಚ್ಚು ಉರಿಸಿದ್ದು ಊರುಗಳ ಆಟ. ದಿನಾ ಬೆಳಿಗ್ಗೆ ಸಂಗು ಒಂದೇ ಉಸಿರಿನಲ್ಲಿ ಹೇಳಬೇಕು: ಹುಕ್ಕೇರಿ, ಘಟಪ್ರಭಾ, ಧುಪದಾಳ, ಗೋಕಾಕ, ಮೂಡಲಗಿ, ತುಕ್ಕಾನಟ್ಟಿ. ಕೊನೆಯದು ನನ್ನ ತವರೂರು. ಅಜ್ಜಿಯ ಮನೆ ಮುಟ್ಟಿದರೆ ಹಸಿರು, ಗೋಕಾಕದಲ್ಲಿ ಉಸಿರು ಮುರಿದರೆ ಹಳದಿ, ಘಟಪ್ರಭಾ ದಾಟಲಾಗದಿದ್ದರೆ ಕೆಂಪು, ನೇರ ಡಾಕ್ಟರ ಕಡೆಗೆ. ಹುಡುಗ ನಗುತ್ತ ಹೇಳುತ್ತಿದ್ದ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಕತ್ತಿನ ಕುಳಿ ಮತ್ತು ಪಕ್ಕೆಲುಬು ನೋಡುತ್ತಿದ್ದಳು. ಎದೆ ಬಿಗಿದಾಗ ಅವನು ನನ್ನ ಬಾಜೂ ಮಲಗಿದ್ದರೂ ಎದ್ದು ದೊಡ್ಡವ್ವನ ಹತ್ತಿರ ಹೋಗುತ್ತಿದ್ದ. ಹೆತ್ತವಳು ನಾನು. ಅವನ ಉಸಿರು ಗೊತ್ತಿದ್ದದ್ದು ಅವಳಿಗೆ.

ಅವನಿಗೆ ಏಳು ವರ್ಷವಾದಾಗ ನಾನು ಹಟಕ್ಕೆ ಬಿದ್ದು ಓದಲು ಕೂತೆ. ದೊಡ್ಡವರಿಗೆ, ಮಕ್ಕಳಿಗೆ ದಮ್ಮಿನ ಚಿಕಿತ್ಸೆ ಹೇಗೆ ನಡೆಯಬೇಕೆಂದು ವೈದ್ಯರಿಗಾಗಿ ಬರೆದ ಮಾರ್ಗಸೂಚಿಗಳನ್ನೇ ಫೋನಿನಲ್ಲಿ ಇಳಿಸಿಕೊಂಡು, ಡಿಕ್ಷನರಿ ಬಾಜೂ ಇಟ್ಟುಕೊಂಡು ಓದಿದೆ. ಅಲ್ಲಿದ್ದದ್ದೆಲ್ಲ ಕಾಶಕ್ಕನ ಬಾಯಲ್ಲಿ ಕೇಳಿದ್ದೇ. ಡಾಕ್ಟರು ಪ್ರತಿ ಭೆಟ್ಟಿಯಲ್ಲೂ ಪಂಪು ಎಳೆಸಿ ನೋಡಬೇಕು, ಬರೀ ನೀಲಿ ಪಂಪಿನ ಮೇಲೆ ಬಿಡಬಾರದು, ಬರೆದ ಕಾಗದ ಮನೆಯಲ್ಲಿರಬೇಕು. ಓದುತ್ತ ಹೋದ ಹಾಗೆ ನನ್ನ ಸಿಟ್ಟು ಏರಿತು. ಕೊನೆಗೆ ನನಗೆ ಬೇಕಾದ ಒಂದು ಮಾತು ಸಿಕ್ಕಿತು. ಎರಡು ಮೂರು ತಿಂಗಳು ದಮ್ಮು ಹತೋಟಿಯಲ್ಲಿದ್ದರೆ ಔಷಧ ಇಳಿಸುವ ವಿಚಾರ ಮಾಡಬಹುದು. ಸಂಗು ನಾಲ್ಕು ತಿಂಗಳಿಂದ ಚೆನ್ನಾಗಿದ್ದ.

ಇಳಿಸುವುದು ಡಾಕ್ಟರು ನೋಡಿ, ಮೆಲ್ಲಗೆ, ಪೂರ್ತಿ ನಿಲ್ಲಿಸದೆ ಎಂದು ಅದರ ಕೆಳಗೇ ಇತ್ತು. ಅದನ್ನು ಓದಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಓದಿದ್ದೆ.

ಇನ್ನು ಮೇಲೆ ಪಂಪು ನಾನೇ ಕೊಡುತ್ತೇನೆ ಎಂದು ಕಾಶಕ್ಕನಿಗೆ ಹೇಳಿದೆ. ಅವಳು ಏನೂ ಕೇಳದೆ ಪಂಪು, ನಳಿಗೆ ನನ್ನ ಕೈಗಿಟ್ಟಳು. ಪಂಪಿನ ಬೆನ್ನಿಗೆ ಎಷ್ಟು ಸಲದ ಔಷಧ ಉಳಿದಿದೆ ಎಂದು ತೋರಿಸುವ ಅಂಕಿ ಇರುತ್ತದೆ. ತೊಂಬತ್ತೆಂಟು ಐತಿ ನೋಡು ಎಂದಳು. ನಾನು ಅದನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ಪಾಳಿ ಬದಲಾದದ್ದು ಮನೆಯ ಗಂಡಸರಿಗೆ ಗೊತ್ತಿರಲಿಲ್ಲ. ಡಾಕ್ಟರು ಫೋನಿನಲ್ಲಿ ಸಾಕು ಎಂದಿದ್ದಾರೆ, ಇದು ನಮ್ಮಿಬ್ಬರ ಗುಟ್ಟು ಎಂದು ಸಂಗುವಿಗೆ ಸುಳ್ಳು ಹೇಳಿದೆ. ಮೂರು ವಾರ ಏನೂ ಆಗಲಿಲ್ಲ. ಗೆದ್ದೆ ಅನಿಸಿತು. ಜನವರಿಯಲ್ಲಿ ರಜೆ ಹಾಕಿ, ನೀಲಿ ಪಂಪೊಂದನ್ನೇ ಪರ್ಸಿನಲ್ಲಿಟ್ಟುಕೊಂಡು, ಅವನನ್ನು ತುಕ್ಕಾನಟ್ಟಿಗೆ ಕರೆದುಕೊಂಡು ಹೋದೆ. ಒಂದು ವಾರವಾದರೂ ಅವನು ಬರೀ ನನ್ನ ಮಗನಾಗಿರಲಿ ಎಂಬ ಆಸೆ.

ಎರಡನೆಯ ದಿನ ಮಧ್ಯಾಹ್ನ ಬಾಜೂ ಹೊಲದಲ್ಲಿ ಕಬ್ಬು ಕಡಿದ ಮೇಲೆ ಉಳಿದ ಒಣ ರವದಿಗೆ ಬೆಂಕಿ ಹಚ್ಚಿದರು. ಹೊಗೆ ನಮ್ಮ ಅಂಗಳಕ್ಕೆ ತಿರುಗಿತು. ಹಿತ್ತಲಲ್ಲಿ ಆಡುತ್ತಿದ್ದ ಸಂಗು ಒಳಗೆ ಬಂದಾಗ ಅವನ ಪಕ್ಕೆಗಳು ಒಳಗೆ ಸೇದುತ್ತಿದ್ದವು. ನೀಲಿ ಪಂಪು ಅವನ ಬಾಯಿಗಿಟ್ಟು ಒತ್ತಿದೆ. ನಳಿಗೆ ಇರಲಿಲ್ಲ, ಔಷಧವೆಲ್ಲ ತುಟಿಗೆ ಸಿಡಿಯಿತು. ಅವನು ಕೆಮ್ಮಿ, ನನ್ನ ಕೈ ತಳ್ಳಿ, ದೊಡ್ಡವ್ವ ಬೇಕು ಎಂದ. ಅಷ್ಟು ಹೇಳಲು ಅವನಿಗೆ ಮೂರು ಉಸಿರು ಬೇಕಾಯಿತು.

ಕಾಶಕ್ಕನಿಗೆ ಫೋನು ಹಚ್ಚಿದೆ. ನಿನ್ನ ಅಣ್ಣನಿಗೆ ಗಾಡಿ ತೆಗೆಯಲು ಹೇಳು ಎಂಬುದು ಅವಳ ಮೊದಲ ಮಾತು. ನೀರಿನ ಸಣ್ಣ ಬಾಟ್ಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂಡ್ರುವಷ್ಟು ತೂತು ಕೊರೆ ಎಂಬುದು ಎರಡನೆಯದು. ನನ್ನ ಅವ್ವ ಈಳಿಗೆಯಿಂದ ಕೊರೆದುಕೊಟ್ಟಳು. ಆಮೇಲೆ ಫೋನನ್ನು ಹುಡುಗನ ಕಿವಿಯ ಹತ್ತಿರ ಹಿಡಿಯಲು ಹೇಳಿದಳು.

“ಸಂಗೂ, ನಾ ಅದೇನಿ. ಬಾಟ್ಲಿ ಬಾಯಿ ಕಚ್ಚಿ ಹಿಡಿ. ಅವ್ವ ಒಮ್ಮೆ ಒತ್ತತಾಳ, ನೀ ಐದ ಸಲ ಉಸುರಾಡು. ಅವಸರ ಬ್ಯಾಡ. ನನ್ನ ಜೋಡಿ ಬಾ.”

ಅವನು ಉಸಿರಾಡಿದ. ಒತ್ತಿದ್ದು ನಾನು, ಉಸಿರಾಡಿದ್ದು ಅವನು, ನಡುವೆ ಅವಳ ದನಿ. ಕಾಗದದ ಕೆಂಪು ಪಟ್ಟಿಯಲ್ಲಿ ಬರೆದಷ್ಟು ಸಲ ಅವಳು ಬಾಯಿಪಾಠದಿಂದ ಎಣಿಸಿ ಕೊಡಿಸಿದಳು, ಗಾಡಿಯಲ್ಲಿಯೂ ಫೋನು ಬಿಡಲಿಲ್ಲ. ಮಗ ಬದುಕಲಿ ಎಂದು ಬೇಡಿಕೊಳ್ಳುತ್ತಿದ್ದ ಆ ಹೊತ್ತಿನಲ್ಲಿಯೂ ನನ್ನೊಳಗೆ ಒಂದು ಮೂಲೆ ಉರಿಯುತ್ತಲೇ ಇತ್ತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಗೋಕಾಕದ ಆಸ್ಪತ್ರೆಯಲ್ಲಿ ಮಾಸ್ಕು ಹಾಕಿ ಔಷಧದ ಆವಿ ಕೊಟ್ಟರು. ಸಂಜೆಯ ಹೊತ್ತಿಗೆ ಅವನ ತುಟಿಗೆ ಬಣ್ಣ ಬಂತು. ಅಷ್ಟರಲ್ಲಿ ಕಾಶಕ್ಕ ನನ್ನ ಗಂಡನ ಜೊತೆ ಬಂದಿದ್ದಳು. ಕಪಾಟು ತೆಗೆದು ಸಂಗುವಿನ ಕಾಫಿ ಬಣ್ಣದ ಪಂಪನ್ನು ಚಂಚಿಯಲ್ಲಿ ಹಾಕಿಕೊಂಡು ಬಂದಿದ್ದಳು. ಡಾಕ್ಟರು ವಾರ್ಡಿನ ಹೊರಗೆ ನಿಂತು ಅದನ್ನು ತಿರುಗಿಸಿ ಅಂಕಿ ನೋಡಿ, ಪಂಪು ಬರೆದುಕೊಟ್ಟ ತಾರೀಖಿನಿಂದ ಲೆಕ್ಕ ಹಾಕಿ, ದಿನದ ಔಷಧ ನಿಲ್ಲಿಸಿದವರು ಯಾರು ಎಂದು ಕೇಳಿದರು.

“ನಾನಽ ರಿ. ಅದು ನನ್ನ ಕೆಲಸ ಇತ್ತು. ಮರತೆ,” ಎಂದಳು ಕಾಶಕ್ಕ.

ಡಾಕ್ಟರು ಬೈದರು. ಮನೆಗೆ ಬಂದ ಮೇಲೆ ಭಾವನವರು ಬೈದರು, ನನ್ನ ಗಂಡ ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಇನ್ನು ಮುಂದೆ ಪಂಪನ್ನು ನೀನೇ ಕೊಡು ಎಂದು ನನಗೆ ಹೇಳಿದರು. ಅವಳು ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಸಂಗುವಿಗೆ ಮಾತ್ರ ನಾನು ಹೇಳಬೇಕಾಯಿತು, ಡಾಕ್ಟರು ಮತ್ತೆ ಶುರು ಮಾಡಲು ಹೇಳಿದ್ದಾರೆ ಎಂದು. ನನಗೆ ಬೇಕಾಗಿದ್ದದ್ದೇ ಸಿಕ್ಕಿತ್ತು. ಮೊದಲು ಅವಳನ್ನು ಕಂಡರೆ ಹೊಟ್ಟೆಕಿಚ್ಚಿತ್ತು. ಈಗ ಅದರ ಜೊತೆ ಹೆದರಿಕೆಯೂ ಸೇರಿತು. ದಿನಾ ಎರಡು ಹೊತ್ತು ನಾನು ಪಂಪು ಕೊಡುವಾಗ ಅವಳು ಅಡುಗೆಮನೆಯಲ್ಲಿ ಪಾತ್ರೆ ಸಪ್ಪಳ ನಿಲ್ಲಿಸುತ್ತಿದ್ದಳು. ಕೇಳುತ್ತಿದ್ದಳು, ಬಂದು ನೋಡುತ್ತಿರಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡಳು. ದಮ್ಮಿನಿಂದಲ್ಲ, ಹೊಟ್ಟೆಯೊಳಗಿನ ಗಂಟಿನಿಂದ. ತನ್ನ ಎದೆ ಮಾತ್ರ ಕೊನೆತನಕ ಬರೋಬ್ಬರಿ ಇದೆ ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ಕೊನೆಯ ವಾರದ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ನಾನೇ ಬಾಯಿ ಬಿಟ್ಟೆ.

“ಅಕ್ಕಾರ, ಆವತ್ತ ಔಷಧ ಬಿಡಿಸಿದಾಕಿ ನಾನು.”

“ಗೊತ್ತೈತಿ. ನಿನ್ನ ಕೈಯಾಗ ಕೊಟ್ಟಾಗ ತೊಂಬತ್ತೆಂಟ ಇತ್ತು. ಕಪಾಟದಾಗಿಂದ ತಗದಾಗೂ ತೊಂಬತ್ತೆಂಟ ಇತ್ತು.”

ಮತ್ತೇಕೆ ನಿಮ್ಮ ಮೇಲೆ ಹಾಕಿಕೊಂಡಿರಿ ಎಂದು ಕೇಳಿದೆ. ಅವಳು ಬಟ್ಟಲು ಬದಿಗೆ ಸರಿಸಿದಳು.

“ನಾ ಮರತೆ ಅಂದ್ರ ನಾಕ ದಿನ ಬೈತಾರ, ಮುಗೀತೈತಿ. ಅವ್ವ ಸುಳ್ಳ ಹೇಳಿ ಬಿಡಿಸಿದ್ಳು ಅಂತ ಅವಗ ತಿಳಿದಿದ್ರ, ನಿನ್ನ ಕೈಯಾಂದ ಮತ್ತ ಔಷಧ ತೊಗೊತಿದ್ನೇನು? ನಾ ಎಷ್ಟ ದಿನ ಇರಾಕಿ? ಅವಗ ನಿನ್ನ ಕೈ ಬೇಕು.” ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಹೇಳಿದಳು. “ನಿನಗ ನನ್ನ ಕಂಡ್ರ ಆಗ್ತಿದ್ದಿಲ್ಲ, ಗೊತ್ತಿತ್ತು. ನನಗೂ ನಿನ್ನ ಕಂಡ್ರ ಸಂಕಟ ಆಗ್ತಿತ್ತು. ನೀ ಫೋನಿನ್ಯಾಗ ಮಾತಾಡ್ಕೋತ ಮಾಳಿಗಿ ಏರತಿದ್ದಿ. ನಾ ಜೀವನದಾಗ ಒಮ್ಮೆರೆ ಹಂಗ ಏರಿಲ್ಲ.”

ಸಂಗು ಈಗ ಗೋಕಾಕದಲ್ಲಿ ಕಾಲೇಜು ಓದುತ್ತಾನೆ, ಹಾಸ್ಟೆಲಿನಲ್ಲಿದ್ದಾನೆ. ದಿನಾ ಬೆಳಿಗ್ಗೆ ಫೋನು ಮಾಡಿ ಆರು ಊರು ಒಂದೇ ಉಸಿರಿನಲ್ಲಿ ನನಗೆ ಒಪ್ಪಿಸುತ್ತಾನೆ. ಕಾಶಕ್ಕನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅವನು ನನ್ನ ಹತ್ತಿರ ಬಂದು ಚಂಚಿ ಕೇಳಿದ. ದೊಡ್ಡವ್ವನ ನೆನಪಿಗೆ ಹಾಸ್ಟೆಲಿಗೆ ಒಯ್ಯುತ್ತೇನೆ, ನನ್ನ ಪಂಪು ಅದರಲ್ಲಿಡುತ್ತೇನೆ ಎಂದ. ಕೇಳಬೇಕಾದವನೇ ಕೇಳಿದ್ದ, ನ್ಯಾಯವಾಗಿ ಅವನಿಗೇ ಸೇರಬೇಕು.

ನಾನು ಕೊಡಲಿಲ್ಲ. ಅವನಿಗೆ ಅವಳ ದನಿ ಇದೆ, ಅವಳ ಆರು ಊರುಗಳಿವೆ. ಚಂಚಿ ನನ್ನ ಕಪಾಟಿನಲ್ಲಿದೆ, ಕೀಲಿ ನನ್ನ ಕೊರಳಲ್ಲಿದೆ.